ಹಿಂದಿ ಮೇಡಂ ಮಾಡಿಸಿದ ವಿಜ್ಞಾನ

ನಾನು ಓದಿದ್ದು ಹಿಂದಿ, ಪಾಠ ಮಾಡೋದೂ ಹಿಂದಿ. ಆದರೂ ಜನ ನನ್ನನ್ನು ತಡೆದು ನಿಲ್ಲಿಸಿ ಮಾತಾಡೋದೆಲ್ಲ ವಿಜ್ಞಾನದ ವಿಷಯವೇ. ಮೊನ್ನೆ ಬೀರೂರು ಬಸ್‌ಸ್ಟ್ಯಾಂಡಿನಲ್ಲಿ ಗುರುತಿನವರೊಬ್ಬರು, “ಏನ್ ಮೇಡಂ, ಈ ವರ್ಷ ಗಾಳೀನ ಯಾವ ಕಡೆಗೆ ಕಟ್ಟಾಕಿದೀರಿ?” ಅಂದರು. ಬಸ್ಸಿಗೆ ಕಾಯ್ತಿದ್ದವರೆಲ್ಲ ತಿರುಗಿ ನೋಡಿದರು. ಇಂಥದ್ದು ನನಗೆ ತಿಂಗಳಿಗೆ ಎರಡು ಸಲವಾದರೂ ಆಗುತ್ತೆ.

ನಮ್ಮ ಹೈಸ್ಕೂಲು ಹಿರೇನಲ್ಲೂರಿನಿಂದ ಆಚೆ. ಅಲ್ಲಿದ್ದ ಸೈನ್ಸ್ ಮೇಷ್ಟ್ರು ವರ್ಗವಾಗಿ ಹೋದರು, ಬದಲಿಗೆ ಯಾರೂ ಬರಲಿಲ್ಲ. ಪಾಠ ಮಾಡೋಕೆ ಗಣಿತದವರು ಒಪ್ಪಿಕೊಂಡರು. ಪ್ರಯೋಗ ಮಾಡಿಸೋಕೆ ಯಾರೂ ಒಪ್ಪಲಿಲ್ಲ. ಹೆಡ್‌ಮೇಷ್ಟ್ರು ನನ್ನನ್ನು ಕರೆದರು.

“ಮೇಡಂ, ವಿಜ್ಞಾನ ಸಂಘ ನೀವು ನೋಡ್ಕೊಳ್ಳಿ.”

“ಸಾರ್, ನನಗೆ ಸೈನ್ಸ್ ಬರಲ್ಲ.”

“ನಮ್ ಹುಡುಗ್ರಿಗೆ ಹಿಂದೀನೂ ಬರಲ್ಲ. ನಡೀತಾ ಇಲ್ವಾ?”

ಹೀಗೆ ನಾನು ಒಂದು ವರ್ಷ ವಿಜ್ಞಾನಿಯಾದೆ.

ಮಜ್ಜಿಗೆ ಮಳೆ

ಸಂಘದ ಪ್ರಯೋಗ ಪುಸ್ತಕದಲ್ಲಿ ಮೊದಲಿದ್ದದ್ದು ಮಳೆಮಾಪಕ. ನೀರಿನ ಬಾಟ್ಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಕೂರಿಸಿ, ಪಕ್ಕದಲ್ಲಿ ಸ್ಕೇಲು ಅಂಟಿಸಿ ಬಯಲಿನಲ್ಲಿಟ್ಟರೆ ಆಯ್ತು. ಒಂಬತ್ತನೇ ಕ್ಲಾಸಿನ ಲೀಡರ್ ಹುಡುಗಿಗೆ ಜವಾಬ್ದಾರಿ ಕೊಟ್ಟೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋ ಹುಡುಗಿ. ಒಂದು ಅಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ. ದಿನಾ ಬೆಳಗ್ಗೆ ಪ್ರಾರ್ಥನೆ ಹೊತ್ತಿಗೆ ಮೈಕಿನಲ್ಲಿ ಮಳೆ ಲೆಕ್ಕ ಓದು ಅಂದೆ. ನಮ್ಮ ಮೈಕು ಊರಿಗೆಲ್ಲ ಕೇಳುತ್ತೆ ಅನ್ನೋದು ಆಗ ನೆನಪಾಗಲಿಲ್ಲ.

“ನಿನ್ನೆ ನಮ್ಮ ಊರಿನಲ್ಲಿ ಹನ್ನೆರಡು ಮಿಲಿಮೀಟರ್ ಮಳೆ,” ಅಂತ ಅವಳು ಓದಿ ಇಳಿಯೋದರೊಳಗೆ ಮೇಲಿನ ಬೀದಿಯವರು ನಾಲ್ಕು ಜನ ಗೇಟಿನಲ್ಲಿ ನಿಂತಿದ್ದರು.

“ಯಾವ್ ಊರಲ್ಲಿ ಬಂತು ಮೇಡಂ? ನಮ್ ಹೊಲ್ದಲ್ಲಿ ಧೂಳ್ ಏಳ್ತೈತೆ.”

“ಬಾಟ್ಲಿಯಲ್ಲಿ ಬಿದ್ದಿದೆಯಲ್ಲ, ನೋಡಿ.”

“ಅದೇ ಕಣ್ರೀ ನಾವ್ ಹೇಳೋದು. ಬಾಟ್ಲಿ ಇಲ್ಲೈತೆ, ಇಲ್ಲಿ ಬಿತ್ತು. ನಮ್ ಬೀದಿಗೂ ಒಂದ್ ಇಡಿ.”

ರಾಗಿ ಬಿತ್ತೋ ಕಾಲ, ಅವರ ಸಂಕಟ ಅವರಿಗೆ. ನಾನು ಎಷ್ಟು ಬಿಡಿಸಿ ಹೇಳಿದರೂ ಬಾಟ್ಲಿ ಇಟ್ಟ ಕಡೆ ಮಳೆ ಬರುತ್ತೆ ಅನ್ನೋದು ಅವರ ತಲೆಯಿಂದ ಹೋಗಲಿಲ್ಲ. ಸಂಜೆಗೆ ಕೆಳಗಿನ ಬೀದಿಯವರೂ ಬಂದು ಕೂತರು. ಕೊನೆಗೆ ಮಕ್ಕಳು ಹದಿನೆಂಟು ಬಾಟ್ಲಿ ಮಾಡಿ ಮನೆಮನೆಗೆ ಹಂಚಿದರು. ಒಂದು ವಾರ ಅಂಗಳದಲ್ಲಿಟ್ಟು ವಾಪಸ್ ಕೊಡಿ ಅಂತ ಹೇಳಿ ಕಳಿಸಿದೆ.

ಆ ವಾರ ಒಂದು ಹನಿಯೂ ಬೀಳಲಿಲ್ಲ. ಆದರೆ ಹದಿನೆಂಟು ಬಾಟ್ಲಿಯೂ ತುಂಬಿಕೊಂಡು ಬಂದವು. ಒಂದರಲ್ಲಿ ಹುರುಳಿಕಾಳು, ಒಂದರಲ್ಲಿ ಬೆಲ್ಲದ ಪುಡಿ, ಒಂದರಲ್ಲಿ ಕೊಬ್ಬರಿ ಎಣ್ಣೆ. ಮಜ್ಜಿಗೆ ತಂದ ಅಜ್ಜಿಗೆ ಹೇಳಿದೆ.

“ಅಜ್ಜಿ, ಇದು ಮಳೆ ನೀರು ಹಿಡಿಯೋದು.”

“ಗೊತ್ತವ್ವಾ. ಮಳೆ ಬರ್ಲಿಲ್ಲ. ಹಂಗಂತ ಕೊಟ್ಟ ಬಾಟ್ಲೀನ ಬರಿದು ವಾಪಸ್ ಕೊಡಕ್ಕಾಗ್ತದಾ? ನಮ್ಮನೇಲಿ ಆ ಪದ್ಧತಿ ಇಲ್ಲ.”

ನಾನು ಅಜ್ಜಿಯನ್ನು ಗೇಟಿನ ತನಕ ಬಿಟ್ಟು ಬರ್ತಾ ಇದ್ದೆ. ಅಷ್ಟರಲ್ಲಿ ಮೈಕಿನಲ್ಲಿ ಲೀಡರ್ ಹುಡುಗಿಯ ದನಿ ಕೇಳಿಸಿತು: “ಮೇಲಿನ ಬೀದಿ, ಹುರುಳಿಕಾಳು ನಲವತ್ತು ಮಿಲಿಮೀಟರ್. ಕೆಳಗಿನ ಬೀದಿ, ಮಜ್ಜಿಗೆ ತೊಂಬತ್ತು ಮಿಲಿಮೀಟರ್.”

ಬಾಣದ ತಕರಾರು

ಆಮೇಲೆ ಗಾಳಿ. ತಗಡಿನಲ್ಲಿ ಬಾಣ ಕತ್ತರಿಸಿ, ಸೈಕಲ್ ಚಕ್ರದ ಬೇರಿಂಗಿಗೆ ಕೂರಿಸಿ, ಶಾಲೆ ತಾರಸಿ ಮೇಲೆ ನಿಲ್ಲಿಸಿದೆವು. ಗಾಳಿ ಯಾವ ಕಡೆಯಿಂದ ಬರುತ್ತೋ ಆ ಕಡೆಗೆ ಬಾಣದ ಮೂತಿ ತಿರುಗಬೇಕು. ಆಷಾಢ ಶುರುವಾಗಿತ್ತು, ಪಡುವಣ ಗಾಳಿ ಹಗಲೂ ರಾತ್ರಿ ಬೀಸ್ತಾ ಇತ್ತು. ಬಾಣ ಪಡುವಣಕ್ಕೆ ಮುಖ ಮಾಡಿ ನಿಂತದ್ದು ಅಲ್ಲಾಡಲೇ ಇಲ್ಲ. ಪಡುವಣಕ್ಕೆ ಒಂದೇ ಒಂದು ಮನೆ. ಆ ಮನೆ ಯಜಮಾನಿ ಸೆರಗು ಸಿಕ್ಕಿಸಿಕೊಂಡು ಬಂದರು.

“ಏನ್ರೀ ಮೇಡಂ, ನಾವ್ ನಿಮ್ಗೆ ಏನ್ ಮಾಡಿದೀವಿ? ದಿನಾ ಬೆಳಗ್ಗೆ ಬಾಗ್ಲು ತೆಗೆದ್ರೆ ನಿಮ್ ಬಾಣ ನಮ್ ಎದೆಗೇ ಗುರಿ ಇಟ್ಕೊಂಡು ನಿಂತಿರ್ತೈತೆ.”

“ಅದು ಗಾಳಿಗೆ ತಿರುಗುತ್ತಮ್ಮಾ. ನಾವು ತಿರುಗಿಸೋದಲ್ಲ.”

“ಮತ್ತೆ ನಮ್ ವಾರಗಿತ್ತಿ ಮನೆ ಕಡೆಗೆ ಒಂದ್ ದಿನಾನಾದ್ರೂ ತಿರುಗ್ಬೇಕಿತ್ತಲ್ಲ! ನಾಡಿದ್ದು ನನ್ ಮಗನ್ನ ನೋಡಕ್ಕೆ ಹೆಣ್ಣಿನ ಕಡೆಯೋರು ಬತ್ತಾರೆ. ಇಡೀ ಊರಲ್ಲಿ ನಿಮ್ಮನೇನೇ ಯಾಕೆ ತೋರಿಸ್ತೈತೆ ಅಂದ್ರೆ ನಾನೇನ್ ಹೇಳ್ಲಿ?”

ಸಂಬಂಧದ ಮಾತು ಬಂದ ಮೇಲೆ ಹೆಡ್‌ಮೇಷ್ಟ್ರು ತಡಮಾಡಲಿಲ್ಲ. ಊರಿನ ನಾಲ್ಕು ಜನರನ್ನು ಕೂರಿಸಿದರು. ಬಡಗಣಕ್ಕೆ ತಿರುಗಿಸೋಣ ಅಂದರೆ ಹಾಲಿನ ಡೈರಿಯವರು ಒಪ್ಪಲಿಲ್ಲ, ತೆಂಕಣಕ್ಕೆ ಅಂಗಡಿಯವರು ಒಪ್ಪಲಿಲ್ಲ. ಮೂಡಣಕ್ಕೆ ಬರೀ ಕೆರೆ. ಅಲ್ಲಿ ತಕರಾರು ಮಾಡೋರು ಯಾರೂ ಇರಲಿಲ್ಲ. ತೆಂಗಿನ ಹಗ್ಗ ತಂದು ಬಾಣವನ್ನು ಕೆರೆ ಕಡೆಗೆ ಬಿಗಿದು ಕಟ್ಟಿದರು. ಆ ಹುಡುಗನಿಗೆ ಸಂಬಂಧವೂ ಕುದುರಿತು.

ಮೂರು ತಿಂಗಳಾದ ಮೇಲೆ ಮೇಲಧಿಕಾರಿಗಳು ತಪಾಸಣೆಗೆ ಬಂದರು. ಲೀಡರ್ ಹುಡುಗಿ ಬರೆದಿದ್ದ ಗಾಳಿ ಪುಸ್ತಕ ತಿರುವಿ ಹಾಕಿದರು.

“ಇದೇನ್ರೀ, ದಿನಾ ಮೂಡಣ ಗಾಳಿ? ಆಷಾಢದಲ್ಲೂ?”

ಹೆಡ್‌ಮೇಷ್ಟ್ರು ಕೈಕಟ್ಟಿ ನಿಂತು ಹೇಳಿದರು, “ಹೌದು ಸಾರ್. ಗ್ರಾಮಸ್ಥರೆಲ್ಲ ಸೇರಿ ಒಮ್ಮತದಿಂದ ತೀರ್ಮಾನ ಮಾಡಿರೋದು.”

ಸೂರ್ಯನ ಕೈರುಚಿ

ನನಗೆ ಹೆಮ್ಮೆ ತಂದ ಪ್ರಯೋಗ ಒಂದೇ, ಸೌರ ಒಲೆ. ರಟ್ಟಿನ ಪೆಟ್ಟಿಗೆಗೆ ಒಳಗೆ ಕಪ್ಪು ಬಣ್ಣ, ಮುಚ್ಚಳಕ್ಕೆ ಬೆಳ್ಳಿ ಹಾಳೆ, ಮೇಲೊಂದು ಗಾಜು. ಹನ್ನೊಂದು ಗಂಟೆಗೆ ಅಕ್ಕಿ ನೀರು ಇಟ್ಟು ನಾನೇ ಛತ್ರಿ ಹಿಡಿದು ಪಕ್ಕದಲ್ಲಿ ಕೂತೆ. ಹನ್ನೆರಡಕ್ಕೆ ಎದ್ದು ಹೋಗಿ ಒಂದು ಪೀರಿಯಡ್ ಪಾಠ ಮುಗಿಸಿ ಬಂದು ತೆಗೆದರೆ ಅನ್ನ ಮಲ್ಲಿಗೆ ಹೂವಿನ ಹಾಗೆ ಅರಳಿತ್ತು. ನನಗೆ ಕಣ್ಣಲ್ಲಿ ನೀರು ಬಂತು. ಮಾರನೇ ದಿನವೂ ಆಯ್ತು. ಅದರ ಮಾರನೇ ದಿನವೂ ಆಯ್ತು. ನಾನು ಎಂಟು ಪುಟದ ವರದಿ ಬರೆದೆ.

ನಾಲ್ಕನೇ ದಿನ ಹೆಡ್‌ಮೇಷ್ಟ್ರು ತಾವೇ ನೋಡ್ತೀನಿ ಅಂತ ಬಂದರು. ಅವತ್ತು ಬೆಳಗ್ಗೆಯಿಂದ ಮೋಡ, ಜಿಟಿಜಿಟಿ ಹನಿ ಬೇರೆ. “ಇವತ್ತು ಆಗಲ್ಲ ಸಾರ್,” ಅಂತ ಹೇಳ್ತಾನೇ ಗಾಜು ಸರಿಸಿದೆ. ಒಳಗೆ ಚಿತ್ರಾನ್ನ ಇತ್ತು. ಸಾಸಿವೆ, ಕರಿಬೇವು, ಕಡಲೆಬೀಜ, ಮೇಲೆ ಕಾಯಿತುರಿ.

ನಾನು ತಿರುಗಿ ನೋಡಿದೆ. ಅಡುಗೆಮನೆ ಬಾಗಿಲಲ್ಲಿ ಬಿಸಿಯೂಟದ ಅಡುಗೆಯಮ್ಮ ಸೆರಗು ಬಾಯಿಗೆ ಹಿಡಿದು ನಿಂತಿದ್ದರು.

“ತಪ್ ತಿಳ್ಕೋಬ್ಯಾಡಿ ಮೇಡಂ. ಮೊದಲ್ನೇ ದಿನ ನೋಡಿದ್ರೆ ಅಕ್ಕಿ ಹಂಗೇ ಇತ್ತು. ಪಾಪ, ಛತ್ರಿ ಹಿಡ್ಕೊಂಡು ಕಾಯ್ತಿದ್ರಲ್ಲ, ನೋಡಕ್ಕಾಗ್ಲಿಲ್ಲ. ಸ್ಟವ್ ಮೇಲಿಂದು ತಂದಿಟ್ಟೆ. ಇವತ್ತು ದೊಡ್ಡೋರು ಬತ್ತಾರೆ, ಬರೀ ಅನ್ನ ಏನ್ ಇಡೋದು ಅಂತ...”

ನನಗೆ ನೆಲ ಬಾಯಿ ಬಿಡಬಾರದಾ ಅನ್ನಿಸಿತು. ಹೆಡ್‌ಮೇಷ್ಟ್ರು ಮಾತ್ರ ಗಂಭೀರವಾಗಿ ಒಂದು ತುತ್ತು ಬಾಯಿಗೆ ಹಾಕಿಕೊಂಡು, ಆಕಾಶ ನೋಡಿ, “ಸೂರ್ಯ ಉಪ್ಪು ಸ್ವಲ್ಪ ಜಾಸ್ತಿ ಹಾಕಿದಾನೆ,” ಅಂದರು.

ತ್ಯಾಜ್ಯ ಸಂಗ್ರಹ

ಮರುಬಳಕೆ ಪಾಠಕ್ಕೆ ಮನೆಯಲ್ಲಿರೋ ಬೇಡದ ಪ್ಲಾಸ್ಟಿಕ್ ತನ್ನಿ, ಹೆಚ್ಚು ತಂದ ಕ್ಲಾಸಿಗೆ ಬಹುಮಾನ ಅಂದೆ. ನನ್ನ ತಪ್ಪೇನೆಂದರೆ, ಬೇಡದ್ದು ಯಾರಿಗೆ ಅಂತ ಬಿಡಿಸಿ ಹೇಳಲಿಲ್ಲ.

ಮಧ್ಯಾಹ್ನಕ್ಕೆ ಬಯಲಿನಲ್ಲಿ ಬೆಟ್ಟದಷ್ಟು ರಾಶಿ. ಸಂಜೆ ನಲ್ಲಿಯಲ್ಲಿ ನೀರು ಬಿಟ್ಟರು. ಊರಿನಲ್ಲಿ ಒಂದು ಕೊಡ ಇಲ್ಲ! ಹೆಂಗಸರೆಲ್ಲ ಶಾಲೆಗೆ ಓಡಿ ಬಂದರು. ಎಲ್ಲರ ಕೊಡವೂ ಅದೇ ಹಸಿರು, ಅದೇ ನೀಲಿ. ಲೀಡರ್ ಹುಡುಗಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, “ಗುರುತು ಹೇಳಿ ತಗೊಂಡ್ಹೋಗಿ,” ಅಂದಳು.

“ನಂದು ತಳ ಸೋರ್ತೈತೆ,” ಅಂದರು ಮೊದಲನೆಯವರು.

ಹುಡುಗಿ ಹುಡುಕಿ ಕೊಟ್ಟಳು. ಅದನ್ನು ನೋಡಿದ ಮೇಲೆ ಸಾಲಿನಲ್ಲಿದ್ದ ಉಳಿದವರೆಲ್ಲರ ಕೊಡಗಳೂ ಒಂದೇ ಸಲಕ್ಕೆ ಹೊಚ್ಚಹೊಸವಾಗಿಬಿಟ್ಟವು.

ಅಜ್ಜಂಪುರದಲ್ಲಿ ಗಾಳಿ

ವರ್ಷದ ಕೊನೆಗೆ ಅಜ್ಜಂಪುರದ ಸಮುದಾಯ ಭವನವೊಂದರಲ್ಲಿ ವಿಜ್ಞಾನ ವಸ್ತುಪ್ರದರ್ಶನ ಇತ್ತು. ನಮ್ಮ ಲೀಡರ್ ಹುಡುಗಿ ಮೂರು ವಾರ ಕೂತು ಗಾಳಿಯಂತ್ರ ಮಾಡಿದ್ದಳು. ಮುರಿದ ಬಕೆಟ್ಟಿನಿಂದ ಕತ್ತರಿಸಿದ ರೆಕ್ಕೆ, ಆಟಿಕೆಯ ಮೋಟಾರು, ತುದಿಗೊಂದು ಪುಟ್ಟ ಕೆಂಪು ದೀಪ. ರೆಕ್ಕೆ ತಿರುಗಿದರೆ ದೀಪ ಹತ್ತುತ್ತೆ. ಬಸ್ಸಿನಲ್ಲಿ ಅದನ್ನು ಎಳೆಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಂದಳು.

ಭವನದೊಳಗೆ ಗಾಳಿಯೇ ಇರಲಿಲ್ಲ. ಪಕ್ಕದ ಮೇಜಿನಲ್ಲಿ ತರೀಕೆರೆ ಕಡೆಯ ಶಾಲೆಯವರು ಹತ್ತಿಯಲ್ಲಿ ಮೋಡ ಮಾಡಿದ್ದರು. ಗಾಳಿ ಬಂದರೆ ಮೋಡ ಹಾರಿಹೋಗುತ್ತೆ ಅಂತ ಅವರ ಮೇಷ್ಟ್ರು ಕಿಟಕಿಗಳನ್ನೆಲ್ಲ ಮುಚ್ಚಿಸಿ ಕಾವಲು ನಿಂತಿದ್ದರು. ನಾನು ಯಾರನ್ನೋ ಕಾಡಿಬೇಡಿ ಒಂದು ಟೇಬಲ್ ಫ್ಯಾನ್ ತಂದು ಯಂತ್ರದ ಎದುರಿಗಿಟ್ಟೆ. ತೀರ್ಪುಗಾರರು ಬಂದರು, ಕನ್ನಡಕ ಹಾಕಿದ ತೆಳ್ಳಗಿನ ಕಾಲೇಜು ಮೇಷ್ಟ್ರು.

“ಇದೇನಮ್ಮಾ?”

“ಗಾಳಿಯಿಂದ ಕರೆಂಟ್ ಸಾರ್.”

“ಗಾಳಿ ಎಲ್ಲಿಂದ?”

“ಫ್ಯಾನಿಂದ ಸಾರ್.”

“ಫ್ಯಾನಿಗೆ ಕರೆಂಟ್ ಎಲ್ಲಿಂದ?”

“ಗೋಡೆಯಿಂದ ಸಾರ್.”

“ಹಂಗಾದ್ರೆ ದೀಪಾನೇ ಗೋಡೆಗೆ ಸಿಕ್ಕಿಸಿದ್ರೆ ಆಗ್ತಿರ್ಲಿಲ್ವಾ?”

“ಆಗ್ತಿತ್ತು ಸಾರ್. ಆದ್ರೆ ಅದು ಪ್ರಯೋಗ ಆಗಲ್ಲ, ಮನೆ ಆಗುತ್ತೆ.”

ಅವರು ಪೆನ್ನು ತೆಗೆಯೋದಕ್ಕೂ ಕರೆಂಟು ಹೋಗೋದಕ್ಕೂ ಸರಿಹೋಯ್ತು. ಭವನ ಕತ್ತಲಾಯ್ತು. ಟೇಬಲ್ ಲ್ಯಾಂಪಿನ ಕೆಳಗೆ ಓಡ್ತಾ ಇದ್ದ ಸೌರ ಕಾರು ನಿಂತಿತು. ಪಂಪಿನಿಂದ ನೀರು ಬೀಳ್ತಾ ಇದ್ದ ಜಲವಿದ್ಯುತ್ ಕೇಂದ್ರ ನಿಂತಿತು. ನಮ್ಮ ರೆಕ್ಕೆಯೂ ನಿಂತಿತು.

“ನಡೀತಾ ಇಲ್ಲವಲ್ಲ. ಏನಂತ ಅಂಕ ಹಾಕ್ಲಿ?” ಅಂದರು ತೀರ್ಪುಗಾರರು. ಹುಡುಗಿ ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಅಂಚಿಗೆ ಎಳೆದುಕೊಂಡಳು. ಮೂರು ವಾರದ ಕೆಲಸ.

“ಕಿಟಕಿ ತೆಗೀರಿ ಸಾರ್,” ಅಂದಳು.

“ಮೋಡ ಇದೆ!” ಅಂತ ತರೀಕೆರೆ ಕಡೆಯ ಮೇಷ್ಟ್ರು ಕೂಗಿದರು.

“ಹಂಗಾದ್ರೆ ನೀವೇ ಊದಿ ಸಾರ್.”

ತೀರ್ಪುಗಾರರು ಒಂದು ಕ್ಷಣ ಅನುಮಾನಿಸಿ, ಬಗ್ಗಿ, ಉಫ್ ಅಂತ ಊದಿದರು. ರೆಕ್ಕೆ ಗಿರ್ರನೆ ತಿರುಗಿತು, ಕೆಂಪು ದೀಪ ಹತ್ತಿತು. ಇಡೀ ಭವನದಲ್ಲಿ ಅದೊಂದೇ ಬೆಳಕು. ಮಕ್ಕಳು ಹೋ ಅಂತ ಚಪ್ಪಾಳೆ ತಟ್ಟಿದರು. ಅವರು ಉಸಿರು ಎಳೆದುಕೊಳ್ಳೋಕೆ ನಿಲ್ಲಿಸಿದರೆ ದೀಪ ಆರಿತು, ಎಲ್ಲರೂ “ಅಯ್ಯೋ” ಅಂದರು. ಮತ್ತೆ ಊದಿದರು. ಚಪ್ಪಾಳೆ. ನಿಲ್ಲಿಸಿದರು. ಅಯ್ಯೋ. ಹತ್ತು ಸಲವಾದ ಮೇಲೆ ಅವರ ಕನ್ನಡಕ ಮೂಗಿನ ತುದಿಗೆ ಬಂತು, ಮೇಜು ಹಿಡಿದುಕೊಂಡು ಕೂತರು. ಎರಡನೇ ತೀರ್ಪುಗಾರರು ಬಂದು ಬಗ್ಗಿದರು. ಅವರಾದ ಮೇಲೆ ನಾನು ಊದಿದೆ. ಅಷ್ಟು ಹೊತ್ತಿಗೆ ಹಿಂದೆ ಸಾಲು ನಿಂತಿತ್ತು. ಮೋಡದ ಮೇಷ್ಟ್ರೂ ಕಿಟಕಿ ಬಿಟ್ಟು ಬಂದು ಸೇರಿಕೊಂಡಿದ್ದರು.

ಮೊದಲನೇ ಬಹುಮಾನ ನಮ್ಮ ಹುಡುಗಿಗೇ ಬಂತು. ಆದರೆ ಅದನ್ನು ಘೋಷಿಸೋ ಮುಂಚೆ, ಕೂತಿದ್ದ ತೀರ್ಪುಗಾರರು ಏದುಸಿರು ಬಿಡ್ತಾ ಕೊನೆಯ ಪ್ರಶ್ನೆ ಕೇಳಿದರು.

“ನವೀಕರಿಸಬಹುದಾದ ಶಕ್ತಿ... ಅಂದ್ರೆ ಏನಮ್ಮಾ?”

“ಒಬ್ರಿಗೆ ಸುಸ್ತಾದ್ರೆ ಇನ್ನೊಬ್ರು ಬರೋದು ಸಾರ್,” ಅಂದಳು ಹುಡುಗಿ, ಸಾಲಿನ ಕಡೆ ಕೈ ತೋರಿಸಿ.

ಸಾಲಿನಲ್ಲಿ ಮುಂದಿದ್ದವರು ಅವತ್ತಿನ ಉದ್ಘಾಟಕರು. ತಮ್ಮ ಪೇಟವನ್ನೂ ಹಾರವನ್ನೂ ಆಗಲೇ ಬಿಚ್ಚಿ ನನ್ನ ಕೈಗೆ ಕೊಟ್ಟು, ಎದೆ ತುಂಬ ಉಸಿರು ಎಳೆದುಕೊಳ್ತಾ ಇದ್ದರು.