ಮಗ್ಗದ ಬೆಕ್ಕು, ಮೊಮ್ಮಗಳ ಕಣ್ಣು

ಕಣ್ಣಿನ ಡಾಕ್ಟರನಿಗೆ ಜನ ಕಣ್ಣು ತೋರಿಸುತ್ತಾರೆ, ಉಳಿದದ್ದೆಲ್ಲ ಮುಚ್ಚಿಡುತ್ತಾರೆ. ೧೯೮೦ರ ಆಸುಪಾಸಿನಲ್ಲಿ ನಾನು ಇಳಕಲ್ಲಿನಲ್ಲಿ ಕಣ್ಣಿನ ಡಾಕ್ಟರನಾಗಿದ್ದಾಗ ವಾರಕ್ಕೊಮ್ಮೆಯಾದರೂ ಇಂಥದ್ದು ಆಗುತ್ತಿತ್ತು. ನಾನೂ ಹಟಮಾರಿ, ಬಿಡುತ್ತಿರಲಿಲ್ಲ.

೧. ಇಲ್ಲದ ಬೆಕ್ಕು

ನೇಕಾರರ ಅಜ್ಜಿಯೊಬ್ಬಳು ಎಂಟು ವರ್ಷದ ಮೊಮ್ಮಗಳನ್ನು ಕರೆತಂದಳು. ಜ್ವರ, ಕಂಕುಳಲ್ಲಿ ಗಂಟು, ಎಡಗಣ್ಣು ಮಂಜು. ಬೆಳಕು ಬಿಟ್ಟು ನೋಡಿದರೆ ಕಣ್ಣಿನ ಹಿಂದಿನ ನರ ಊದಿತ್ತು. ಮುಂಗೈ ಮೇಲೆ ಒಣಗಿದ ಗೀರುಗಳು. ಬೆಕ್ಕು ಪರಚಿದ ಮಕ್ಕಳಿಗೆ ಅಪರೂಪಕ್ಕೆ ಹೀಗಾಗುತ್ತದೆಂದು ಓದಿದ್ದೆ. ಅದಲ್ಲದಿದ್ದರೆ ಮೆದುಳಿನ ರೋಗವಿರಬಹುದು. ನನಗೇ ಹೆದರಿಕೆಯಾಯಿತು.

"ಮನ್ಯಾಗ ಬೆಕ್ಕು ಐತೇನ್ ಯವ್ವಾ?"

"ಇಲ್ಲರಿ."

"ಖರೆ ಹೇಳು."

"ದೇವರಾಣಿ ಇಲ್ಲರಿ!"

ಆಣೆಗೆ ಔಷಧವಿಲ್ಲ. ಸಂಜೆ ಅವಳ ಮನೆಗೇ ನಡೆದೆ.

೨. ಕುಣಿಯಲ್ಲಿ ಮಲಗಿದ್ದು

ಅಜ್ಜಿ ಮಗ್ಗದ ಕೆಳಗೆ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದಳು. ಅವಳ ಕಾಲ ಬಳಿ ದಪ್ಪ ಬೆಕ್ಕೊಂದು ಮಲಗಿತ್ತು.

"ಹಂಗಾರ ಇದೇನು?"

"ಇದು ಸಾಕಿದ್ದಲ್ಲರಿ, ದುಡಿಯೋದು. ಗಂಜಿ ಹಚ್ಚಿದ ನೂಲಿಗೆ ಇಲಿ ಬರ್ತಾವು. ನನಗಿಂತ ಮೊದಲ ಕೆಲಸಕ್ಕ ಬರ್ತೈತಿ ನೋಡ್ರಿ!"

ಕಾರಣ ಸಿಕ್ಕಿದ ಸಮಾಧಾನಕ್ಕೆ ಬೈಯುವುದು ಬಿಟ್ಟು ನಕ್ಕುಬಿಟ್ಟೆ. ಮಗುವನ್ನು ಬೆಕ್ಕಿನಿಂದ ದೂರ ಇಡಲು ಹೇಳಿ ಔಷಧ ಕೊಟ್ಟೆ.

೩. ಪಾಸಾದ ಹುಡುಗಿ

ಹತ್ತು ದಿನ ಬಿಟ್ಟು ಹುಡುಗಿ ಅಜ್ಜಿಯ ಜೊತೆ ಬಂದಳು. ಬಲಗಣ್ಣು ಮುಚ್ಚಿಸಿ ಅಕ್ಷರದ ಹಲಗೆ ತೋರಿಸಿದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಉಸಿರಿಗೆ ಓದಿದಳು. ಅನುಮಾನ ಬಂದು ಹಲಗೆ ತಿರುಗಿಸಿದೆ. ಖಾಲಿ ಬೆನ್ನನ್ನೂ ಅಷ್ಟೇ ಚೆನ್ನಾಗಿ ಓದಿದಳು.

"ಫೇಲ್ ಆಗಬಾರದಂತ, ಹೋದ ಸಲ ಹಲಗಿ ನೋಡಿಟ್ಕೊಂಡು ನಾನ ಬಾಯಿಪಾಠ ಮಾಡಿಸೀನ್ರಿ," ಎಂದಳು ಅಜ್ಜಿ.

ನಗು ಬಂತು, ಹಿಂದೆಯೇ ಸಂಕಟವೂ ಆಯಿತು. ಮಗುವಿಗೆ ಹಲಗೆ ತಿರುಗಿಸಿದ್ದೂ ಕಂಡಿರಲಿಲ್ಲ. ಈ ಕಣ್ಣನ್ನು ಕಳೆದುಕೊಳ್ಳಲು ಬಿಡುವುದಿಲ್ಲ ಎಂದುಕೊಂಡೆ. "ದಿನಾ ಬಲಗಣ್ಣ ಮುಚ್ಚಿ ಏನು ಕಾಣತೈತಿ ಕೇಳು. ಹೇಳಿಕೊಡಬ್ಯಾಡ," ಎಂದು ಗದರಿಸಿ, ವಾರವಾರ ಕರೆಸಿ ನೋಡಿದೆ. ಊತ ನಿಧಾನವಾಗಿ ಇಳಿಯತೊಡಗಿತು.

೪. ಮುಚ್ಚಿದ ಬುಟ್ಟಿ

ಎರಡನೆಯ ತಿಂಗಳು ಅಜ್ಜಿ ಮೊಮ್ಮಗಳ ಜೊತೆ ಒಂದು ಬುಟ್ಟಿಯನ್ನೂ ಹೊತ್ತು ತಂದಳು.

"ಕಣ್ಣು ಬಂತ್ರಿ! ನಿನ್ನೆ ಬಲಗಣ್ಣ ಮುಚ್ಚಿಕೊಂಡು ಕುಂತಿದ್ಲು. ಮಗ್ಗದ ಆ ತುದಿಗೆ ಇಲಿ ಹೊಂಟಿದ್ದು ಕಂಡು ಚೀರಿದ್ಲು."

ನಾನು ನಂಬಲಿಲ್ಲ. ಬೇರೆ ಅಕ್ಷರಗಳನ್ನು ಅಲ್ಲೇ ಬರೆದು ತೋರಿಸಿದೆ. ಹುಡುಗಿ ತಡೆದು ತಡೆದು, ಸಣ್ಣ ಸಾಲಿನವರೆಗೂ ಸರಿಯಾಗಿ ಓದಿದಳು. ನನ್ನ ಕಣ್ಣಲ್ಲೇ ನೀರು ಬಂತು.

"ಇನ್ನ ಚಿಂತಿಲ್ಲ, ಮನಿಗೆ ಹೋಗ್ರಿ," ಎಂದೆ.

ಅಜ್ಜಿ ಏಳಲಿಲ್ಲ. ಬುಟ್ಟಿಯ ಬಟ್ಟೆ ಸರಿಸಿದಳು. ಒಳಗಿನಿಂದ ಬೆಕ್ಕು ನನ್ನನ್ನು ನೋಡಿತು.

"ಆ ಇಲಿ ಇದರ ಮೂಗಿನ ಮುಂದ ಹೋತ್ರಿ, ಇದಕ್ಕ ಕಾಣಲಿಲ್ಲ. ಈಗ ಇದರ ಕಣ್ಣು ನೋಡ್ರಿ."