ರಾಯರ ‘ನೋ, ಥ್ಯಾಂಕ್ ಯೂ’

ಪುಣೆಯ ಕ್ಯಾಂಪಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದಷ್ಟು ಕಾಲ ನಗುವುದಕ್ಕಾಗಿ ನಾಟಕಕ್ಕೆ ಹೋಗುವ ಪ್ರಮೇಯ ನನಗೆ ಬರಲಿಲ್ಲ. ಇಂಗ್ಲಿಷ್ ಆಡುವ ಸಾಹೇಬರು, ಅದನ್ನು ಕಲಿಯುವ ನಾವು, ಇಷ್ಟಿದ್ದರೆ ಸಾಕಲ್ಲ! ಅದರಲ್ಲೂ ನಮ್ಮ ವಾಡೆಯ ವಠಾರದಲ್ಲೇ ಇದ್ದ ಜೊತೆಗುಮಾಸ್ತರು, ಧಾರವಾಡ ಕಡೆಯ ರಾಯರು. ಬರೆಯುವ ಇಂಗ್ಲಿಷು ಗಟ್ಟಿ, ಬಾಯಿ ತೆರೆದರೆ ಬೆವರು. ಹೆಡ್‌ಕ್ಲಾರ್ಕ್ ಜಾಗ ಖಾಲಿಯಾಗುವುದಿತ್ತು. ಸಾಹೇಬರೊಡನೆ ನಾಲ್ಕು ಮಾತಾಡಬಲ್ಲವನಿಗೇ ಆ ಕುರ್ಚಿ ಎಂಬ ಸುದ್ದಿ ಬಂದದ್ದೇ ತಡ, ರಾಯರು ಸಂಭಾಷಣೆ ಕಲಿಸುವ ಪುಸ್ತಕವೊಂದನ್ನು ಕೊಂಡು ತಂದರು.

ಮನೆಯಲ್ಲಿ ಮೊದಲ ಪಾಠ

ಹೆಂಡತಿ ಜೋಳದ ಭಕ್ಕರಿ ಬಡಿಸಿದೊಡನೆ ರಾಯರು “ಥ್ಯಾಂಕ್ ಯೂ” ಎಂದರು.

“ಹಂಗಂದ್ರೇನ್ರೀ?”

“ನಿನ್ನಿಂದ ಉಪಕಾರ ಆತು ಅಂತ.”

ಆಕೆ ಸೌಟು ಕೆಳಗಿಟ್ಟರು. “ಇಷ್ಟು ವರ್ಷ ಬಡಿಸೇನಿ. ಇವತ್ತ ನಾ ಹೊರಗಿನಾಕಿ ಆದೆನೇನ್ರೀ?”

ಮರುದಿನ ರಾಯರ ತಾಟಿನ ಸುತ್ತ ರಂಗೋಲಿ! ಬೀಗರಂತೆ ಮಾತಾಡಿದವರಿಗೆ ಬೀಗರ ಉಪಚಾರ. ರಾಯರು “ಸಾಕು, ಸಾಕು” ಎಂದಷ್ಟೂ ಹೋಳಿಗೆ ಬಿತ್ತು. ನಮ್ಮಲ್ಲಿ ಬೀಗರು ಸಾಕೆಂದರೆ ಯಾರು ನಂಬುತ್ತಾರೆ? ಆ ದಿನ ರಾಯರು ಕಚೇರಿಗೆ ಬರಲಿಲ್ಲ. ಎದ್ದು ನಿಲ್ಲಲು ಆಗಿರಲಿಲ್ಲವಂತೆ.

ಹೌ ಡು ಯು ಡು

ಹೊಸದಾಗಿ ಬಂದಿದ್ದ ಸಾಹೇಬರು ವರಾಂಡದಲ್ಲಿ ಎದುರಾಗಿ “ಹೌ ಡು ಯು ಡು?” ಎಂದು ಮುಂದೆ ನಡೆದರು. ಇಷ್ಟು ಅಕ್ಕರೆಯಿಂದ ಕೇಳಿದವರಿಗೆ ಹೇಳದೆ ಬಿಡುವುದುಂಟೆ? ರಾಯರು ಬೆನ್ನಹಿಂದೆಯೇ ನಡೆಯುತ್ತ, ಬೆವರುತ್ತ, ಪುಸ್ತಕದ ಇಂಗ್ಲಿಷಿನಲ್ಲಿ ಹೋಳಿಗೆಯಿಂದ ಕೆಟ್ಟ ಹೊಟ್ಟೆ, ಅತ್ತೆಯವರ ಮೊಣಕಾಲು ಎಲ್ಲವನ್ನೂ ವಿವರಿಸಿದರು. ಕೊನೆಗೆ, ಸಾಹೇಬರಿಗೆ ತಂಗಿಯಿದ್ದಾಳೆಯೇ, ಅವಳಿಗೆ ವರ ಗೊತ್ತಾಯಿತೇ ಎಂದೂ ವಿಚಾರಿಸಿದರು.

“ರಾಯರೇ, ಅದಕ್ಕೆ ‘ಹೌ ಡು ಯು ಡು’ ಅಂತಲೇ ತಿರುಗಿ ಹೇಳಬೇಕ್ರೀ” ಎಂದೆ.

“ಕೇಳಿದ್ದನ್ನ ತಿರುಗಿ ಕೇಳೂದಾ? ಅದು ಜಗಳ ಆತಲ್ರೀ!”

ಸಾಹೇಬರು ಮರುದಿನದಿಂದ ಹಿಂದಿನ ಬಾಗಿಲಿನಿಂದ ಬರತೊಡಗಿದರು.

ಬಂಗಲೆಯ ಚಹಾ

ಆದರೂ ರಾಯರ ಕೆಲಸ ಸಾಹೇಬರಿಗೆ ಮೆಚ್ಚುಗೆಯಾಗಿತ್ತು. ಒಂದು ಭಾನುವಾರ ಬಂಗಲೆಗೆ ಚಹಾಕ್ಕೆ ಕರೆದರು. ಧೈರ್ಯಕ್ಕೆ ನಾನೂ ಜೊತೆಗೆ ಹೋದೆ. ಕುರ್ಚಿಯ ತೀರ್ಮಾನ ಇವತ್ತೇ ಎಂದು ಇಬ್ಬರಿಗೂ ಗೊತ್ತಿತ್ತು.

ಚಹಾ ಬೇಕೇ ಎಂದು ಸಾಹೇಬರ ಮೇಡಂ ಕೇಳಿದರು. ರಾಯರು “ನೋ, ಥ್ಯಾಂಕ್ ಯೂ” ಎಂದು ಒತ್ತಾಯಕ್ಕೆ ಕಾದರು. ಮೇಡಂ ಕಿಟ್ಲಿಯನ್ನು ನನ್ನ ಕಡೆ ತಿರುಗಿಸಿದರು. ನಾನು ನಾಚಿಕೆಬಿಟ್ಟು ಕುಡಿದೆ.

ಸಾಹೇಬರು ಗಂಟಲು ಸರಿಮಾಡಿಕೊಂಡರು. “ರಾವ್, ಹೆಡ್‌ಕ್ಲಾರ್ಕ್ ಆಗುತ್ತೀರಾ?”

“ನೋ, ಥ್ಯಾಂಕ್ ಯೂ!”

ಚಹಾದ ಬಸಿ ಕೆಳಗಿಟ್ಟು ರಾಯರನ್ನು ಮೊಣಕೈಯಿಂದ ತಿವಿದೆ. ರಾಯರು ತಲೆ ತಗ್ಗಿಸಿ ಪಿಸುಗುಟ್ಟಿದರು: “ತಡೀರಿ. ಒಮ್ಮೆಲೆ ಹೂಂ ಅಂದ್ರ ಹಸ್ಕೊಂಡು ಬಂದಾರ ಅಂತಾರ.”

“ನಿಜವಾಗಿಯೂ ಬೇಡವೇ?” ಸಾಹೇಬರು ಕೇಳಿದರು.

“ನೋ, ನೋ, ಥ್ಯಾಂಕ್ ಯೂ.”

“ವೆರಿ ವೆಲ್” ಎಂದು ಸಾಹೇಬರು ಎದ್ದೇಬಿಟ್ಟರು.

ಕುರ್ಚಿ ಹೋಯಿತೆಂದುಕೊಂಡು ನಾನು ಗೇಟು ದಾಟಿ “ನಡೀರಿ ಮನಿಗೆ” ಎಂದೆ. ರಾಯರು ಅಲ್ಲೇ ನಿಂತರು, ಮುಖದ ತುಂಬ ಮದುವೆಯ ಕಳೆ.

“ಎಲ್ಲಿಗೆ ಹೋಗ್ತೀರಿ? ಎರಡ ಸಲ ಬ್ಯಾಡಂದೀನಿ. ಮೂರನೇ ಸಲ ಕೇಳಲಿಕ್ಕೆ ಸಾಹೇಬರು ಈಗ ಹಿಂದ ಓಡಿ ಬರ್ತಾರ. ನಾವ ಇಲ್ಲಿ ಇರದಿದ್ರ, ಪಾಪ, ಅವ್ರಿಗೆ ಅವಮಾನ ಆಗೂದಿಲ್ಲೇನ್ರೀ?”