ಹತ್ತು ಸಾವಿರದ ಒಂದನೇ ರೂಪಾಯಿ

ಒಳ್ಳೇದು ಮಾಡಲು ಹೊರಟವರ ಕಾಗದಪತ್ರ ನೋಡಿಕೊಳ್ಳುವ ಆಫೀಸಿನಲ್ಲಿ ಕೂತರೆ ನಗುವ ಸಂಗತಿಗೆ ಬರ ಇಲ್ಲ. ನಕ್ಕು ಮನೆಗೆ ಹೋದ ಮೇಲೆ ಊಟ ಸೇರೋದಿಲ್ಲ, ಅಷ್ಟೇ.

ನಾನು ಯಲಹಂಕದಾಚೆಯ ಹಳ್ಳಿಯವನು. ನಮ್ಮೂರಲ್ಲಿ ಲಾ ಓದಿದ ಮೊದಲನೆಯವನು ನಾನೇ, ಎರಡನೆಯವನು ಇನ್ನೂ ಹುಟ್ಟಿಲ್ಲ. ಸಂಜಯನಗರದಲ್ಲಿ ನಮ್ಮ ಮೇಡಂ ಅವರ ಲಾ ಆಫೀಸು. ಅಲ್ಲಿ ದೊಡ್ಡ ದೊಡ್ಡ ಇಂಗ್ಲಿಷ್ ಸ್ಕೂಲಲ್ಲಿ ಓದಿದ ಇನ್ನಿಬ್ಬರು ಜೂನಿಯರ್‌ಗಳಿದ್ದಾರೆ. ಪಂಚೆ ಉಟ್ಟ ಕಕ್ಷಿದಾರರು ಮೆಟ್ಟಿಲು ಹತ್ತಿದರೆ ಇಬ್ಬರೂ ನನ್ನ ಮುಖ ನೋಡುತ್ತಾರೆ. ನೋಡಲೇಬೇಕು, ಬೇರೆ ಗತಿ ಇಲ್ಲ.

ಚಿತ್ರಗುಪ್ತನ ಫೀಸು

ಹಂಗೆ ಮೆಟ್ಟಿಲು ಹತ್ತಿ ಬಂದವರು ಅಟ್ಟೂರಿನ ಗೌಡರು. ಅವರ ಹೊಲವೆಲ್ಲ ಲೇಔಟ್ ಆಗಿ ಎಷ್ಟೋ ಕಾಲವಾಯಿತು. ತಾಯಿ ಜಾರಿ ಬಿದ್ದು ನಡೆಯಲಾಗದೆ, ಕಡೆಯ ಎರಡು ವರ್ಷ ಗಾಲಿಕುರ್ಚಿಯಲ್ಲಿ ಮನೆಯೆಲ್ಲ ಓಡಾಡಿ, ಸೊಸೆಯರನ್ನೆಲ್ಲ ಬೈದು, ನೆಮ್ಮದಿಯಾಗಿ ತೀರಿಕೊಂಡಿದ್ದರು. ಅವರ ಹೆಸರಲ್ಲಿ ಏನಾದರೂ ಮಾಡಬೇಕು ಅನ್ನೋದು ಗೌಡರ ಆಸೆ.

ಮೇಡಂ ಹೇಳಿದರು: "ದಾನ ಬೇಡ ಗೌಡ್ರೇ. ನೀವೂ ನಿಮ್ಮಂಥ ನಾಲ್ಕು ಜನವೂ ಸೇರಿ ಒಂದು ಫಂಡ್ ಮಾಡಿ. ಜನಕ್ಕೆ ಉಪಯೋಗ ಆಗೋ ಕಸುಬಿಗೆ ಆ ಹಣ ಹೂಡೋಣ. ಕಸುಬು ಬೆಳೆದರೆ ಹಣವೂ ವಾಪಸ್ ಬರುತ್ತೆ."

"ಅಂದ್ರೆ ಪುಣ್ಯಾನೂ ಬತ್ತದೆ, ಅಸಲೂ ಬತ್ತದೆ?"

"ಹೌದು."

"ಪುಣ್ಯ ಎಷ್ಟು ಬಂತು ಅಂತ ಅಳೆಯೋರು ಯಾರು?"

"ಅದಕ್ಕೇ ಒಂದು ಕಂಪನಿ ಇದೆ. ಫೀಸ್ ತಗೊಂಡು ವರದಿ ಕೊಡುತ್ತೆ."

ಗೌಡರು ನನ್ನ ಕಡೆ ತಿರುಗಿದರು. "ಚಿತ್ರಗುಪ್ತ ಇಷ್ಟು ಕಾಲ ಪುಕ್ಕಟೆ ಮಾಡ್ತಿದ್ನಲ್ಲೋ, ಪಾಪ."

ನಾನಿದೀನಿ

ಮೊದಲ ಹಣ ಎಲ್ಲಿಗೆ ಅನ್ನೋದರಲ್ಲಿ ಗೌಡರಿಗೆ ಅನುಮಾನವೇ ಇರಲಿಲ್ಲ. ತಾಯಿಯ ಕುರ್ಚಿ ತಯಾರಾದ ಶೆಡ್ಡಿಗೆ. ಅದು ಇರೋದು ಜಾಲಹಳ್ಳಿಯಲ್ಲಿ. ನಡೆಸುವ ಅಕ್ಕ ಗದಗದ ಕಡೆಯವರು. ಕಾರ್ಖಾನೆಯಲ್ಲಿ ವೆಲ್ಡಿಂಗ್ ಕಲಿತು, ಕೆಲಸ ಬಿಟ್ಟು, ಆರು ಜನರನ್ನು ಕಟ್ಟಿಕೊಂಡು ಗಾಲಿಕುರ್ಚಿ ಮಾಡುತ್ತಿದ್ದರು. ವಠಾರದ ಇಕ್ಕಟ್ಟು ಬಾಗಿಲಲ್ಲೂ ತೂರುವಂಥ ಕುರ್ಚಿ. ಅಂಗಡಿಯಲ್ಲಿ ಸಿಗೋ ಕುರ್ಚಿ ಆ ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ.

ಅವರ ತಲೆನೋವು ಒಂದೇ. ಶೆಡ್ಡಿನ ಮಾಲೀಕ ಆಯುಧಪೂಜೆ ತನಕ ಗಡುವು ಕೊಟ್ಟಿದ್ದ: ಹೊಸ ದೊಡ್ಡ ಅಡ್ವಾನ್ಸ್ ಕೊಡಿ, ಇಲ್ಲ ಖಾಲಿ ಮಾಡಿ.

ನಾನು ಎದೆ ತಟ್ಟಿಕೊಂಡೆ. "ಅಕ್ಕಾ, ಎರಡೇ ತಿಂಗಳು. ಫಂಡ್ ರಿಜಿಸ್ಟರ್ ಆಗುತ್ತೆ, ಹಣ ನಿಮ್ಮ ಕೈಲಿರುತ್ತೆ. ನಾನಿದೀನಿ."

ಅವರು ಕಣ್ಣಿಗೆ ಕಟ್ಟಿದ್ದ ಕರೀ ಗಾಜು ಮೇಲೆತ್ತಿ ನನ್ನನ್ನು ನೋಡಿದರು. "ನೀವಿದ್ರ ಆತು ಬಿಡ್ರಿ ತಮ್ಮಾ. ಹೋದ ವರ್ಷಾನೂ ಒಬ್ರು ಇದ್ರು."

ಆದಾಯದ ಮೂಲ

ಇಂಥ ಫಂಡಿಗೆ ಮೊದಲು ಒಂದು ಟ್ರಸ್ಟ್ ಬೇಕು. ಕಟ್ಟುವವರು ಹೆಸರಿಗೆ ಸ್ವಲ್ಪ ಹಣ ಇಟ್ಟರೆ ಟ್ರಸ್ಟ್ ಹುಟ್ಟಿದ ಹಾಗೆ. ಟ್ರಸ್ಟ್ ಪತ್ರದಲ್ಲಿ ಹತ್ತು ಸಾವಿರ ಅಂತ ಬರೆದಿತ್ತು. ಗೌಡರು ನೋಟು ಕವರಿಗೆ ಹಾಕಿ ಕೈಯಲ್ಲೇ ಹಿಡಿದುಕೊಂಡರು. ಮುಖ ಸರಿ ಇಲ್ಲ.

ಇಂಗ್ಲಿಷ್ ಸ್ಕೂಲಿನವರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಮುಯ್ಯಿ ಕವರನ್ನು ಯಾರಾದರೂ ಸೊನ್ನೆಗೆ ನಿಲ್ಲಿಸ್ತಾರಾ? ಅದೂ ತಾಯಿ ಹೆಸರಿನ ಕೆಲಸ! ಜೇಬಿಗೆ ಕೈ ಹಾಕಿ ಒಂದು ರೂಪಾಯಿ ನಾಣ್ಯ ತೆಗೆದು ಕವರಿಗೆ ಹಾಕಿದೆ. ಗೌಡರ ಮುಖ ಅರಳಿತು. "ನೋಡಿ ಮೇಡಂ, ಮನ್ಸ ಅಂದ್ರೆ ಇವ್ನು." ಅವತ್ತಿಡೀ ನಾನು ಕಾಲರ್ ಎತ್ತಿಕೊಂಡೇ ಓಡಾಡಿದೆ.

ಬ್ಯಾಂಕಿನಲ್ಲಿ ಹತ್ತು ಸಾವಿರದ ಒಂದು ಜಮೆಯಾಯಿತು. ಫಂಡುಗಳಿಗೆ ಒಪ್ಪಿಗೆ ಕೊಡುವ ಮುಂಬೈನ ಮಂಡಳಿಯಿಂದ ಕೆಲವು ವಾರದ ಮೇಲೆ ಕಾಗದ ಬಂತು. ಪತ್ರದಲ್ಲಿ ಹತ್ತು ಸಾವಿರ ಇದೆ. ಹೆಚ್ಚುವರಿ ಮೊತ್ತ ಯಾರದು, ಎಲ್ಲಿಂದ ಬಂತು, ಕೊಟ್ಟವರಿಗೂ ಫಂಡಿಗೂ ಏನು ಸಂಬಂಧ?

ಮೇಡಂ ಕನ್ನಡಕ ಇಳಿಸಿದರು. "ಕೊಟ್ಟವರು ಯಾರು?"

"ನಾನೇ ಮೇಡಂ."

"ನಿನ್ನ ಆದಾಯದ ಮೂಲ?"

"ನೀವೇ ಮೇಡಂ."

ಆಷಾಢ

ತಿದ್ದುಪಡಿ ಪತ್ರ ಒಂದೇ ದಿನದಲ್ಲಿ ಬರೆದೆ. ಅಂಥ ಪತ್ರ ಆ ಆಫೀಸಿನಲ್ಲಿ ಬೇರೆ ಯಾರೂ ಅಷ್ಟು ಬೇಗ ಬರೆಯಲ್ಲ. ಅಟ್ಟೂರಿಗೆ ತಗೊಂಡು ಹೋದರೆ ಗೌಡರು ಪೆನ್ನು ಮುಟ್ಟಲಿಲ್ಲ.

"ಆಷಾಡ ಕಣ್ಲಾ. ಈ ತಿಂಗ್ಳು ದನಕ್ಕೆ ಒಸಾ ಅಗ್ಗಾನೂ ತರಾಕಿಲ್ಲ ನಾನು."

"ಒಂದು ರೂಪಾಯಿ ತಿದ್ದೋದು ಗೌಡ್ರೇ, ಅಷ್ಟೇ."

"ಆ ಒಂದ್ ರೂಪಾಯಿ ಮಡಗಿದೋನು ನೀನೇ. ಶಾಸ್ತ್ರ ತಿಳಿದೋನು. ನಿಂಗೂ ಇಂಗೆ ಬಿಡಿಸಿ ಏಳ್ಬೇಕಾ?"

ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿ, ಶ್ರಾವಣದ ತನಕ ತಡೀರಿ ಅಂದೆ. ಆಚೆಯಿಂದ ಸುತ್ತಿಗೆ ಸದ್ದು ನಿಂತಿತು.

"ನಮ್ಮ ಶೆಡ್ಡಿನ ಮಾಲಕರಿಗೂ ಆಷಾಢ ಐತೇನು ಅಂತ ಕೇಳಿದ್ದೆ ತಮ್ಮಾ. ಖಾಲಿ ಮಾಡಸಾಕ ಎಲ್ಲಾ ತಿಂಗಳೂ ಒಳ್ಳೇವಂತ."

ಸಂಬಂಧ

ಶ್ರಾವಣದಲ್ಲಿ ಸಹಿ ಬಿತ್ತು. ಮಂಡಳಿಯಿಂದ ಮತ್ತೆರಡು ಕಾಗದ ಬಂದವು. ಉತ್ತರ ಕೊಡುವ ಹೊತ್ತಿಗೆ ಪಿತೃಪಕ್ಷ. ಆಯುಧಪೂಜೆ ಹತ್ತಿರ ಬಂತು. ಗೌಡರಿಗೂ ಕಸಿವಿಸಿ.

"ಅತ್ಲಾಗೆ ಓಗ್ಲಿ. ಆ ಅಡ್ವಾನ್ಸು ನಾನೇ ಕೈಯಿಂದ ಕೊಟ್ಬಿಡ್ತೀನಿ. ಪಿತೃಪಕ್ಷ ಆದ್ರೇನು, ಶೆಡ್ಡು ಅಳೇದೇ ಅಲ್ವಾ?"

ಯಾರೂ ಏನೂ ಹೇಳುವ ಮೊದಲೇ ನಾನು ಬಾಯಿ ಹಾಕಿದೆ. "ಕೊಡಂಗಿಲ್ಲ ಗೌಡ್ರೇ. ನಿಮ್ಮ ಸ್ವಂತ ಹಣ ಅಲ್ಲಿ ಬಿದ್ದರೆ ಆ ಶೆಡ್ಡಿಗೂ ನಿಮಗೂ ಸಂಬಂಧ ಬಂತು. ಆಮೇಲೆ ಬೇರೆಯವರ ಫಂಡ್ ಹಣ ಅಲ್ಲಿಗೆ ಕೊಟ್ಟರೆ, ನಿಮ್ಮ ಲಾಭಕ್ಕೇ ಕೊಟ್ರಿ ಅಂತ ಮಂಡಳಿ ಕೇಳುತ್ತೆ. ಇನ್ನಷ್ಟು ಕಾಗದ, ಇನ್ನಷ್ಟು ತಿಂಗಳು."

ಮೇಡಂ ತಲೆಯಾಡಿಸಿದರು. ಅವರ ಬಾಯಲ್ಲಿ "ಕರೆಕ್ಟ್" ಅನ್ನೋ ಮಾತು ಬಂದಿದ್ದು ಆ ವರ್ಷ ಅದೊಂದೇ ಸಲ.

ಗೌಡರು ಚೆಕ್ ಪುಸ್ತಕ ಜೇಬಿಗೆ ಹಾಕಿಕೊಂಡರು. "ಓದಿದೋರು ಇಲ್ದೇ ಇದ್ದಿದ್ರೆ ಇವತ್ತು ಒಂದು ತಪ್ಪು ನಡ್ದೋಗದು."

ಒಂದರಿಂದ ಐದು

ಆ ವಾರವೇ ಪುಣ್ಯ ಅಳೆಯುವ ಕಂಪನಿಯವನು ಬಂದ. ಒಳ್ಳೆ ಬೂಟು, ತೆಳ್ಳನೆ ಲ್ಯಾಪ್‌ಟಾಪು. ನಾನೇ ಅವನನ್ನು ಶೆಡ್ಡಿಗೆ ಕರೆದುಕೊಂಡು ಹೋದೆ. ಕುರ್ಚಿಯ ಚಕ್ರ ಸರಿಮಾಡಿಸಲು ಬಂದಿದ್ದ ಯಜಮಾನರೊಬ್ಬರು ಅಲ್ಲೇ ಇದ್ದರು.

"ಸಾರ್, ಈ ಕುರ್ಚಿ ಬಂದ ಮೇಲೆ ನಿಮ್ಮ ಬದುಕಲ್ಲಿ ಎಷ್ಟು ಬದಲಾವಣೆ ಆಯ್ತು? ಒಂದರಿಂದ ಐದರೊಳಗೆ ಹೇಳಿ."

ಯಜಮಾನರು ಯೋಚಿಸಿದರು. "ಮೊದ್ಲು ಜಗಳ ಆದ್ರೆ ಹೆಂಡ್ತಿ ಮನೆಯಿಂದ ಆಚೆ ಹೋಗ್ತಿದ್ಲು. ಈಗ ನಾನು ಹೋಗ್ತೀನಿ. ಐದು ಬರ್ಕೊಳ್ಳಿ."

ಅವನು ಬರೆದುಕೊಳ್ಳಲಿಲ್ಲ. ನಮ್ಮ ಹಣ ಇನ್ನೂ ಇಲ್ಲಿಗೆ ಬಂದಿಲ್ಲವಲ್ಲ, ಫಂಡು ಹುಟ್ಟುವ ಮುಂಚಿನ ಪುಣ್ಯ ಲೆಕ್ಕಕ್ಕಿಲ್ಲವಂತೆ.

ಯಜಮಾನರಿಗೆ ಸಿಟ್ಟು ಬಂತು. "ಹಂಗಾದ್ರೆ ನಾನು ಒಂದು ವರ್ಷ ಬಿಟ್ಟು ಬಿದ್ದು ಕಾಲು ಮುರ್ಕೊಂಡಿದ್ರೆ ಚೆನ್ನಾಗಿತ್ತು ಅನ್ನಿ!"

ಪೂರ್ತಿ ಅಂಕ

ಆಯುಧಪೂಜೆಯ ದಿನ ನಾನು ಶೆಡ್ಡಿಗೆ ಹೋದೆ. ಕರೆದಿರಲಿಲ್ಲ, ಆದರೂ ಹೋದೆ. ಪೈಪ್ ಬಗ್ಗಿಸುವ ಮಷೀನಿಗೆ ಚೆಂಡುಹೂವಿನ ಹಾರ, ಕುಂಕುಮ. ಅಕ್ಕ ಕುಂಬಳಕಾಯಿ ಒಡೆದು, ಆರೂ ಜನಕ್ಕೆ ಮಂಡಕ್ಕಿ ಹಂಚಿದರು. ನನಗೂ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಎರಡು ದಿನದಲ್ಲಿ ಮಷೀನು ಹಾರದ ಸಮೇತ ಯಾರದೋ ಟೆಂಪೋ ಹತ್ತಿತು. ಆರು ಜನ ಆರು ಕಡೆ ಕೆಲಸಕ್ಕೆ ಸೇರಿಕೊಂಡರು.

ಮುಂದಿನ ವಾರ ಮಂಡಳಿಯ ಸರ್ಟಿಫಿಕೇಟು ಬಂತು. ನಾನು ಬರೆದ ಅರ್ಜಿಯಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಈಗ ಫಂಡಿಗೆ ಒಂದು ಆಫೀಸು ಬೇಕಿತ್ತು. ಗೌಡರೇ ಹುಡುಕಿದರು. ಹುಡುಕಿ ಖುಷಿಯಿಂದ ಫೋನ್ ಮಾಡಿದರು: "ಅವ್ವನ ಕುರ್ಚಿ ಉಟ್ಟಿದ ಜಾಗಾನೇ ಬಾಡಿಗೆಗೈತೆ ಕಣೋ!" ಮಾಲೀಕ ಕೇಳಿದ್ದ ಅದೇ ಅಡ್ವಾನ್ಸನ್ನು ಅದೇ ಮಾಲೀಕನಿಗೆ ಕೊಟ್ಟರು. ಕಾನೂನಿನ ಅಡ್ಡಿ ಏನೂ ಇರಲಿಲ್ಲ. ಆಫೀಸು ಅಂದರೆ ಖರ್ಚು. ಅಕ್ಕ ಅಂದರೆ ಹೂಡಿಕೆ. ಎರಡಕ್ಕೂ ಬೇರೆ ಬೇರೆ ನಿಯಮ. ಮುಚ್ಚಿಹೋದ ಕಸುಬಿಗೆ ಹೂಡುವ ನಿಯಮ ಮಾತ್ರ ಎಲ್ಲೂ ಇಲ್ಲ, ಹುಡುಕಿದ್ದೀನಿ.

ಗೌಡರಿಗೆ ಮನಸ್ಸು ತಡೆಯಲಿಲ್ಲ. ಬಾಗಿಲ ಪಕ್ಕ ಒಂದು ಮೇಜು ಹಾಕಿಸಿ, ಬಂದವರನ್ನು ವಿಚಾರಿಸುವ ಕೆಲಸ ಅಕ್ಕನಿಗೇ ಕೊಟ್ಟರು. ಅಕ್ಕ ಬೇಡ ಅನ್ನಲಿಲ್ಲ. ಅನ್ನುವ ಹಾಗೂ ಇರಲಿಲ್ಲ. ಗೋಡೆಗೆ ಸುಣ್ಣ ಬಳಿದರೂ ಮೋಡದ ದಿನ ಒಳಗೆ ಸುಟ್ಟ ಕಬ್ಬಿಣದ ವಾಸನೆ ಬರುತ್ತೆ. ಹಳೇ ಗಿರಾಕಿಗಳು ಮುರಿದ ಕುರ್ಚಿ ತಳ್ಳಿಕೊಂಡು ಬಂದು, ಹವಾನಿಯಂತ್ರಣದ ಕೋಣೆ ನೋಡಿ ಗಾಬರಿಯಾಗಿ ನಿಲ್ಲುತ್ತಾರೆ. ಅಕ್ಕ ಮೇಜಿನ ಖಾನೆಯಿಂದ ಸ್ಪ್ಯಾನರ್ ತೆಗೆದು, ಹೊರಗೆ ಕರೆದುಕೊಂಡು ಹೋಗಿ ಬಿಗಿ ಮಾಡಿಕೊಟ್ಟು ಬರುತ್ತಾರೆ. ನಾನು ಆಗ ಫೈಲ್ ನೋಡುತ್ತಿರುತ್ತೇನೆ.

ಮೊದಲ ವರದಿಗೆ ಅಳತೆಯವನು ಮತ್ತೆ ಬಂದ. ಫಂಡಿನಿಂದ ಇನ್ನೂ ಯಾವ ಕಸುಬಿಗೂ ಹಣ ಹೋಗಿರಲಿಲ್ಲ, ವರದಿ ಪೂರ್ತಿ ಖಾಲಿ. ಅವನು ಸುತ್ತ ನೋಡಿ, ಅಕ್ಕನ ಮೇಜಿನ ಮುಂದೆ ಕೂತ.

"ಫಂಡಿನಿಂದ ಉದ್ಯೋಗ ಸಿಕ್ಕಿದ ಮಹಿಳೆ, ಒಬ್ಬರು. ಇದನ್ನ ಹಾಕಬಹುದು. ಮೇಡಂ, ಇದಕ್ಕೆ ಮುಂಚೆ ಎಲ್ಲಿದ್ರಿ?"

"ಇಲ್ಲೇ ಇದ್ದೆ."

ಅವನಿಗೆ ಅರ್ಥವಾಗಲಿಲ್ಲ; ಆ ಜಾಗ ಖಾಲಿ ಬಿಟ್ಟು ಮುಂದಿನ ಪ್ರಶ್ನೆಗೆ ಹೋದ. "ನಮ್ಮ ಫಂಡ್ ಬಂದ ಮೇಲೆ ನಿಮ್ಮ ಬದುಕಲ್ಲಿ ಎಷ್ಟು ಬದಲಾವಣೆ ಆಯ್ತು? ಒಂದರಿಂದ ಐದರೊಳಗೆ ಹೇಳಿ."

ಅಕ್ಕ ನನ್ನ ಕಡೆ ನೋಡಿದರು. ತುಂಬ ಹೊತ್ತೇನಲ್ಲ.

"ಐದು ಬರಕೋರಿ. ಏನೂ ಉಳದಿಲ್ಲ, ಎಲ್ಲಾ ಬದಲಾಗೇತಿ."

ಅವನು ಐದು ಬರೆದುಕೊಂಡು ಎದ್ದು ಬಂದು, ಫಂಡಿಗೆ ಇದೇ ಮೊದಲನೇ ಪೂರ್ತಿ ಅಂಕ ಅಂತ ನನ್ನ ಕೈ ಕುಲುಕಿದ.